ಮುನ್ಷಿರಾಮರ ಗುರುಕುಲ

ವಕೀಲಿಯಲ್ಲಿ ಕೈತುಂಬ ಸಂಪಾದನೆಯಿದ್ದ ಗೃಹಸ್ಥರೊಬ್ಬರು, ಮೂವತ್ತು ಸಾವಿರ ರೂಪಾಯಿ ಕೂಡುವವರೆಗೆ ಮನೆಯ ಹೊಸ್ತಿಲನ್ನು ತುಳಿಯೆನೆಂದು ಪಣತೊಟ್ಟು ಊರೂರು ಅಲೆದರು. ಅದು ಹಿಮಾಲಯದ ತಪ್ಪಲಿನಲ್ಲಿ ಒಂದು ಪಾಠಶಾಲೆಯನ್ನು ತೆರೆಯುವುದಕ್ಕಾಗಿ. ಆಗ ಮುನ್ಷಿರಾಮರೆನಿಸಿದ್ದ ಇವರೇ ಮುಂದೆ ಸ್ವಾಮಿ ಶ್ರದ್ಧಾನಂದರೆಂದು ದೇಶವಿಖ್ಯಾತರಾದವರು.

ಇವರು 1856ರಲ್ಲಿ ಪಂಜಾಬದ ಜಾಲಂಧರ ಜಿಲ್ಲೆಯ ತಲವನ ಗ್ರಾಮದಲ್ಲಿ ಜನಿಸಿದರು. ತಂದೆ ನಾನಕಚಂದರು ಪೋಲೀಸು ಅಧಿಕಾರಿಗಳು. ಕಾಶಿಯಲ್ಲಿ ಓದುತ್ತಿದ್ದಾಗ ಒಂದು ಸಂಜೆ ವಿಶ್ವನಾಥನ ದರ್ಶನಕ್ಕೆ ಹೋದ ಈ ತರುಣನನ್ನು, ಒಳಗೆ ರಾಣಿಯೊಬ್ಬರ ಪೂಜೆ ನಡೆದಿರುವುದೆಂದು ಕಾವಲುಗಾರರು ಬಾಗಿಲಲ್ಲಿಯೇ ತಡೆದರಂತೆ. ರಾಣಿಗೊಂದು ಬಾಗಿಲು, ಬಡವನಿಗೊಂದು ಬಾಗಿಲು ಇಟ್ಟುಕೊಂಡ ದೇವರಲ್ಲಿ ಅಂದಿನಿಂದ ಅವರ ನಂಬಿಕೆ ಕಳಚಿತು. ನಂಬಿಕೆಯೊಡನೆ ನಡತೆಯೂ ಸಡಿಲಿತು, ಮದ್ಯಪಾನವು ಅಂಟಿತು. ಒಂದು ರಾತ್ರಿ ಅವರು ಕುಡಿದು ಪ್ರಜ್ಞೆ ತಪ್ಪಿ ಮನೆಗೆ ಬಂದಾಗ ಪತ್ನಿ ಶಿವದೇವಿಯವರು ಒಂದು ಕಟುನುಡಿಯನ್ನೂ ಆಡದೆ ಉಪಚರಿಸಿ, ತಾವು ಉಣ್ಣದೆ ಕಾದು ಕುಳಿತಿದ್ದರು. ಈ ವೃತ್ತಾಂತವನ್ನು ಅವರು ತಮ್ಮ ಆತ್ಮಕಥೆಯಲ್ಲಿ ಮರೆಮಾಚದೆ ಬರೆದಿದ್ದಾರೆ.

1879ರಲ್ಲಿ ಬರೇಲಿಯಲ್ಲಿ ದಯಾನಂದ ಸರಸ್ವತಿಗಳ ಉಪನ್ಯಾಸವಾದಾಗ, ನಾಸ್ತಿಕನಾದ ಮಗನನ್ನು ತಂದೆಯೇ ಕರೆದೊಯ್ದರು. ದೇವರಿದ್ದಾನೆಯೇ ಎಂದು ಮಗನು ವಾದಕ್ಕೆ ನಿಂತನು, ವಾದದಲ್ಲಿ ಸೋತನು, ಆದರೂ ನಂಬಿಕೆ ಬರಲಿಲ್ಲ. ವಾದದಿಂದ ಬಾಯಿ ಕಟ್ಟೀತು, ಶ್ರದ್ಧೆಯು ಒಳಗಿನಿಂದಲೇ ಮೂಡಬೇಕು ಎಂಬುದು ಆಗ ಅವರಿಗೆ ತಿಳಿದುಬಂದಿತು. ಅವರ ಮುಂದಿನ ಗುರುಕುಲದ ಬೀಜವನ್ನು ನಾವು ಇಲ್ಲಿಯೇ ಕಾಣುತ್ತೇವೆ. ಪರೀಕ್ಷೆಗಾಗಿ ಕಂಠಪಾಠ ಮಾಡುವ ವಿದ್ಯೆಯಿಂದ ಮನುಷ್ಯನು ತನ್ನನ್ನು ತಾನು ಅರಿಯಲಾರನೆಂಬುದು ಅವರಿಗೆ ಓದಿ ತಿಳಿದ ಮಾತಲ್ಲ, ಪಟ್ಟು ಅರಿತ ಮಾತು.

ಲಾಹೋರಿನಲ್ಲಿ 1886ರಲ್ಲಿ ಸ್ಥಾಪಿತವಾದ ದಯಾನಂದ ವಿದ್ಯಾಸಂಸ್ಥೆಯು ಸರಕಾರೀ ವಿಶ್ವವಿದ್ಯಾಲಯದ ಜಾಡನ್ನೇ ಹಿಡಿದುದು ಅವರಿಗೆ ಒಪ್ಪಲಿಲ್ಲ. ತೊಟ್ಟ ಪಣದಂತೆ ಹಣವು ಕೂಡಿದ ಬಳಿಕ, ಮುನ್ಷಿ ಅಮನಸಿಂಹರು ದಾನವಾಗಿತ್ತ ಹರಿದ್ವಾರದೆದುರಿನ ಕಾಂಗಡಿ ಗ್ರಾಮದಲ್ಲಿ 1902ರಲ್ಲಿ ಗುರುಕುಲವು ನೆಲೆಗೊಂಡಿತು. ಮೊದಲ ಶಿಷ್ಯರಲ್ಲಿ ಸ್ವಂತ ಮಕ್ಕಳಾದ ಹರಿಶ್ಚಂದ್ರ, ಇಂದ್ರರೂ ಇದ್ದರು. ಪರರ ಮಕ್ಕಳನ್ನು ಪ್ರಯೋಗಕ್ಕೊಡ್ಡಿ ತನ್ನವರನ್ನು ಇಂಗ್ಲೀಷು ಕಾಲೇಜಿಗೆ ಕಳುಹುವ ಮುಖಂಡರು ನಮ್ಮಲ್ಲಿ ಕಡಮೆಯಿಲ್ಲವಾದುದರಿಂದ ಇದನ್ನು ಹೇಳಬೇಕಾಯಿತು.

ಅಲ್ಲಿ ಏಳೆಂಟು ವರ್ಷದ ಬಾಲಕರು ಬ್ರಹ್ಮಚರ್ಯದ ದೀಕ್ಷೆ ಹೊಂದಿ, ಅರುಣೋದಯಕ್ಕೆ ಮುನ್ನವೇ ಎದ್ದು, ಗಂಗಾಸ್ನಾನ, ಸಂಧ್ಯೆ, ಹೋಮಗಳನ್ನು ತೀರಿಸಿ ಪಾಠಕ್ಕೆ ಕೂಡುತ್ತಿದ್ದರು. ಜಾತಿಭೇದವಿಲ್ಲದೆ ಎಲ್ಲರಿಗೂ ಒಂದೇ ಉಡುಪು, ಒಂದೇ ಪಂಕ್ತಿ. ವೇದ ಮತ್ತು ಸಂಸ್ಕೃತವು ಮುಖ್ಯ; ರಸಾಯನಾದಿ ಶಾಸ್ತ್ರಗಳನ್ನೂ ಹಿಂದಿಯಲ್ಲಿಯೇ ಕಲಿಸುತ್ತಿದ್ದರು. ದೇಶಭಾಷೆಗಳಲ್ಲಿ ಭೌತವಿಜ್ಞಾನವು ನಡೆಯದೆಂದು ತಲೆಯಲ್ಲಾಡಿಸುವವರು ಇದನ್ನು ಗಮನಿಸತಕ್ಕದ್ದು. ಸರಕಾರದ ಧನಸಹಾಯವನ್ನಾಗಲಿ ಮನ್ನಣೆಯನ್ನಾಗಲಿ ಅವರು ಕೋರಲಿಲ್ಲ. ಎಳೆಯರನ್ನು ತಾಯ ಮಡಿಲಿನಿಂದ ಅಷ್ಟು ವರ್ಷ ಅಗಲಿಸುವುದು ಕಠೋರವೆಂದೇ ನಮ್ಮ ಅಭಿಪ್ರಾಯ. ಆದರೆ ಅಲ್ಲಿನ ಬಾಲಕರು ದಕ್ಷಿಣ ಆಫ್ರಿಕದ ಸತ್ಯಾಗ್ರಹಕ್ಕೆ ಹಣ ಕಳುಹಲೆಂದು ಅಣೆಕಟ್ಟಿನ ಕೆಲಸದಲ್ಲಿ ಕೂಲಿ ಮಾಡಿದರೆಂಬುದನ್ನೂ ಮರೆಯಲಾಗದು. ಗಾಂಧಿಯವರ ಫೀನಿಕ್ಸ್ ಆಶ್ರಮದ ಮಕ್ಕಳು ಶಾಂತಿನಿಕೇತನಕ್ಕೆ ಮುನ್ನ ಇಳಿದುಕೊಂಡುದೂ ಇಲ್ಲಿಯೇ. 1915ರಲ್ಲಿ ಗಾಂಧಿಯವರು ತಾವೇ ಬಂದು ಮುನ್ಷಿರಾಮರನ್ನು ಕಂಡರು.

ಮುನ್ಷಿರಾಮರು ತಮ್ಮ ಗ್ರಂಥಭಂಡಾರ, ಜಾಲಂಧರದ ಮನೆ, ಕಡೆಗೆ ಮುದ್ರಣಾಲಯವನ್ನೂ ಗುರುಕುಲಕ್ಕೆ ಒಪ್ಪಿಸಿಬಿಟ್ಟರು. ಉರ್ದುವಿನಲ್ಲಿ ನಡೆಯುತ್ತಿದ್ದ ತಮ್ಮ ಸದ್ಧರ್ಮ ಪ್ರಚಾರಕ ಪತ್ರಿಕೆಯನ್ನು 1907ರಲ್ಲಿ ಒಮ್ಮೆಲೇ ಹಿಂದಿಗೆ ತಿರುಗಿಸಿದರು. ಚಂದಾದಾರರ ಪಟ್ಟಿಯನ್ನು ಕೈಯಲ್ಲಿ ಹಿಡಿದು ಬದುಕುವ ನಮ್ಮಂಥವರಿಗೆ ಇದರ ಎದೆಗಾರಿಕೆ ತಿಳಿದೀತು.

1917ರಲ್ಲಿ ಸಂನ್ಯಾಸ ಸ್ವೀಕರಿಸಿ ಗುರುಕುಲದಿಂದ ಹೊರಬಂದರು. 1919ರ ಮಾರ್ಚಿ 30ರಂದು ದಿಲ್ಲಿಯಲ್ಲಿ ಗೂರ್ಖಾ ಸಿಪಾಯಿಗಳ ಸಂಗೀನುಗಳಿಗೆ ಎದೆಯೊಡ್ಡಿ ನಿಂತುದೂ, ಏಪ್ರಿಲ್ 4ರಂದು ಜುಮ್ಮಾ ಮಸೀದಿಯಲ್ಲಿ ಭಾಷಣ ಮಾಡಿದುದೂ ಸರ್ವವಿದಿತ. ಶುದ್ಧಿ ಚಳವಳಿಯು ಎಬ್ಬಿಸಿದ ವಿವಾದಗಳ ನಡುವೆ 1926ರ ಡಿಸೆಂಬರ್ 23ರಂದು, ರೋಗಶಯ್ಯೆಯಲ್ಲಿದ್ದಾಗಲೇ, ಹಂತಕನ ಗುಂಡಿಗೆ ಬಲಿಯಾದರು.

ಅದಕ್ಕೆ ಎರಡು ವರ್ಷ ಮುಂಚೆ, 1924ರ ಗಂಗೆಯ ಮಹಾಪೂರದಲ್ಲಿ ಕಾಂಗಡಿಯ ಕಟ್ಟಡಗಳು ಹಾಳಾಗಿದ್ದವು. ಗುರುಕುಲವು ನದಿಯ ಈಚೆಗೆ, ಕಾಲುವೆಯ ಬಳಿಗೆ ಬಂದು ನಿಂತಿತು. ಪರಸರಕಾರದ ಮುದ್ರೆಯನ್ನು ಬಯಸದಿದ್ದ ಆ ಸಂಸ್ಥೆಗೆ ಸ್ವತಂತ್ರ ಭಾರತದ ಸರಕಾರವು 1962ರಲ್ಲಿ ವಿಶ್ವವಿದ್ಯಾಲಯಕ್ಕೆ ಸಮಾನವಾದ ಸ್ಥಾನವನ್ನಿತ್ತಿತು.