ಡಾಕ್ಟರ್ ಅಂಬೇಡ್ಕರರ ನ್ಯಾಯಕಾಯಕ

ಲಂಡನ್ನಿನಲ್ಲಿ ಬ್ಯಾರಿಸ್ಟರ್ ಪದವಿ ಪಡೆದು 1923ರಲ್ಲಿ ಮುಂಬಯಿಗೆ ಮರಳಿದ ಭೀಮರಾವ್ ಅಂಬೇಡ್ಕರರಿಗೆ ವಿದ್ಯೆಯ ಕೊರತೆಯಿರಲಿಲ್ಲ, ಕಕ್ಷಿಗಾರರ ಕೊರತೆಯಿತ್ತು. ಅಸ್ಪೃಶ್ಯ ಕುಲದಲ್ಲಿ ಹುಟ್ಟಿದ ವಕೀಲರನ್ನು ನೆಚ್ಚಿ ಮೊಕದ್ದಮೆ ಒಪ್ಪಿಸುವವರು ವಿರಳ. ಕಾಯಕವನ್ನು ನೋಡದೆ ಕುಲವನ್ನು ಕೇಳುವ ಈ ಲೋಕರೀತಿ ಕಲ್ಯಾಣದ ಶರಣರಿಗೂ ಹೊಸತಾಗಿರಲಿಲ್ಲವಷ್ಟೆ!

ಸಮಾಜಕಾರ್ಯಕ್ಕೆ ಸ್ವತಂತ್ರವೃತ್ತಿಯೇ ತಕ್ಕದ್ದೆಂದು ಬಗೆದ ಅವರು ವಕೀಲಿಯನ್ನು ಬಿಡಲಿಲ್ಲ. ಜೀವನೋಪಾಯಕ್ಕಾಗಿ 1925ರಿಂದ ಬಾಟ್ಲಿಬಾಯ್ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನನ್ನು ಬೋಧಿಸಿದರು. 1928ರಲ್ಲಿ ಮುಂಬಯಿಯ ಸರಕಾರಿ ಕಾನೂನು ಕಾಲೇಜಿನ ಪ್ರಾಧ್ಯಾಪಕರಾದರು.

ಕ್ರಿಮಿನಲ್ ಮೊಕದ್ದಮೆಗಳಲ್ಲಿ ಅವರ ಧೈರ್ಯ ಪ್ರಕಟವಾಯಿತು. ಬ್ರಾಹ್ಮಣೇತರ ಚಳವಳಿಯ ಜೇಧೆ, ಜವಳಕರ ಮೊದಲಾದವರ ಮೇಲೆ ಒಂದು ಪುಸ್ತಿಕೆಯ ನಿಮಿತ್ತ ಮಾನಹಾನಿಯ ಆರೋಪ ಬಂದಾಗ, 1926ರಲ್ಲಿ ಪುಣೆಯಲ್ಲಿ ವಾದಿಸಿ ಅವರನ್ನು ಬಿಡಿಸಿದರು. 1934ರಲ್ಲಿ ರಘುನಾಥ ಧೋಂಡೊ ಕರ್ವೆಯವರ ಪರವಾಗಿ ನಿಂತರು. ಓದುಗರ ಕಾಮಸಂಬಂಧದ ಪ್ರಶ್ನೆಗಳಿಗೆ ತಮ್ಮ ‘ಸಮಾಜಸ್ವಾಸ್ಥ್ಯ’ ಪತ್ರಿಕೆಯಲ್ಲಿ ಉತ್ತರ ಕೊಟ್ಟುದೇ ಕರ್ವೆಯವರ ಅಪರಾಧ! ಸಭ್ಯರು ಮುಖ ತಿರುಗಿಸುವಂಥ ಮೊಕದ್ದಮೆಯದು. ಅಜ್ಞಾನವನ್ನು ಕಳೆಯುವ ಜ್ಞಾನ ಅಶ್ಲೀಲವಾಗದೆಂದು ಅಂಬೇಡ್ಕರರು ವಾದಿಸಿದರು. ನ್ಯಾಯಾಲಯ ಒಪ್ಪಲಿಲ್ಲ, ಕರ್ವೆಯವರಿಗೆ ದಂಡ ಬಿತ್ತು.

ಆ ಸೋಲಿನ ಮರುವರ್ಷವೇ, 1935ರಲ್ಲಿ, ಅವರು ತಾವು ಹಿಂದೆ ಬೋಧಿಸಿದ್ದ ಅದೇ ಕಾನೂನು ಕಾಲೇಜಿನ ಪ್ರಿನ್ಸಿಪಾಲರಾದರು.