ರಾತ್ರಿಶಾಲೆಯಿಂದ ರೈಲುದಾರಿಗೆ: ಜಾರ್ಜ್ ಸ್ಟೀಫನ್‌ಸನ್

ಮಕ್ಕಳೇ, ಹದಿನೆಂಟು ವರ್ಷವಾಗುವವರೆಗೂ ಓದಲು ಬಾರದಿದ್ದ ಗಣಿ ಕಾರ್ಮಿಕರೊಬ್ಬರು ಮುಂದೆ ಹೆಸರಾಂತ ಎಂಜಿನಿಯರ್ ಆದರೆಂದರೆ ನಂಬುತ್ತೀರಾ? ಅವರೇ ಜಾರ್ಜ್ ಸ್ಟೀಫನ್‌ಸನ್.

ಅವರು ಹುಟ್ಟಿದ್ದು 1781ರ ಜೂನ್ 9ರಂದು, ಇಂಗ್ಲೆಂಡಿನ ವೈಲಂ ಎಂಬ ಹಳ್ಳಿಯಲ್ಲಿ. ತಂದೆ ಕಲ್ಲಿದ್ದಲು ಗಣಿಯ ಉಗಿಯಂತ್ರಕ್ಕೆ ಬೆಂಕಿ ಹಾಕುವ ಕೆಲಸಗಾರ. ಮಗನನ್ನು ಶಾಲೆಗೆ ಕಳಿಸುವಷ್ಟು ಹಣವಿರಲಿಲ್ಲ. ಚಿಕ್ಕಂದಿನಲ್ಲೇ ದುಡಿಯತೊಡಗಿದ ಜಾರ್ಜ್, ಹದಿನೆಂಟರಲ್ಲಿ ತಮ್ಮ ಕೂಲಿ ಹಣದಿಂದಲೇ ಶುಲ್ಕ ಕೊಟ್ಟು ರಾತ್ರಿಶಾಲೆ ಸೇರಿದರು. ಓದು, ಬರಹ, ಲೆಕ್ಕ ಕಲಿತರು. ಬಿಡುವಿನಲ್ಲಿ ಬೂಟು, ಗಡಿಯಾರ ರಿಪೇರಿ ಮಾಡಿ ಸಂಪಾದಿಸಿದರು. ತಮಗೆ ಸಿಗದ ಶಿಕ್ಷಣ ಮಗ ರಾಬರ್ಟ್‌ಗೆ ಸಿಗಲೆಂದು ಅವನನ್ನು ಪಟ್ಟಣದ ಶಾಲೆಗೆ ಸೇರಿಸಿದರು. ಮಗ ತಂದ ಪುಸ್ತಕಗಳಿಂದ ತಂದೆಯೂ ಕಲಿತರು!

1811ರಲ್ಲಿ ಗಣಿಯೊಂದರ ಕೆಟ್ಟ ಪಂಪನ್ನು ಸರಿಪಡಿಸಿದ ಜಾರ್ಜ್, ಮರುವರ್ಷ ಅಲ್ಲಿನ ಯಂತ್ರಗಳ ಉಸ್ತುವಾರಿ ಪಡೆದರು. 1814ರಲ್ಲಿ ಅವರ ಮೊದಲ ಉಗಿಬಂಡಿ 30 ಟನ್ ಭಾರವನ್ನು ಗಂಟೆಗೆ ಸುಮಾರು 6 ಕಿ.ಮೀ. ವೇಗದಲ್ಲಿ ಏರುದಾರಿಯಲ್ಲಿ ಎಳೆಯಿತು. 1825ರಲ್ಲಿ ಅವರು ರೂಪಿಸಿದ ಸ್ಟಾಕ್‌ಟನ್–ಡಾರ್ಲಿಂಗ್‌ಟನ್ ರೈಲುದಾರಿ ಆರಂಭವಾಯಿತು.

1829ರ ಅಕ್ಟೋಬರ್‌ನಲ್ಲಿ ರೈನ್‌ಹಿಲ್‌ನಲ್ಲಿ ಉಗಿಬಂಡಿಗಳ ಸ್ಪರ್ಧೆ ನಡೆಯಿತು. ಬಹುಮಾನ 500 ಪೌಂಡ್. ಪರೀಕ್ಷೆಯನ್ನು ಪೂರ್ತಿ ಮುಗಿಸಿದ್ದು ತಂದೆ ಮಗನ 'ರಾಕೆಟ್' ಒಂದೇ. ಅದರ ಗರಿಷ್ಠ ವೇಗ ಗಂಟೆಗೆ ಸುಮಾರು 48 ಕಿ.ಮೀ.

ಈ ಗೆಲುವಿನ ಗುಟ್ಟೇನು? ಹಳೆಯ ಬಾಯ್ಲರ್‌ಗಳಲ್ಲಿ ಬಿಸಿಗಾಳಿ ಒಂದೇ ದಪ್ಪ ಕೊಳವೆಯಲ್ಲಿ ಸಾಗುತ್ತಿತ್ತು. ರಾಕೆಟ್‌ನಲ್ಲಿ 25 ತಾಮ್ರದ ಕೊಳವೆಗಳಿದ್ದವು. ಇದು ಹೆನ್ರಿ ಬೂತ್ ಎಂಬುವರ ಸಲಹೆ. ಕೊಳವೆಗಳು ಹೆಚ್ಚಾದಾಗ ನೀರಿಗೆ ತಾಗುವ ಬಿಸಿ ಮೇಲ್ಮೈ ಹೆಚ್ಚಿತು. ಉಗಿ ಬೇಗ ಸಿದ್ಧವಾಯಿತು. ಕೆಲಸ ಮುಗಿಸಿದ ಉಗಿಯನ್ನು ಹೊಗೆಕೊಳವೆಗೆ ಬಿಟ್ಟದ್ದರಿಂದ ಗಾಳಿಯ ಸೆಳೆತ ಹೆಚ್ಚಿ ಬೆಂಕಿ ಚೆನ್ನಾಗಿ ಉರಿಯಿತು.

ಸ್ಟೀಫನ್‌ಸನ್ 1848ರ ಆಗಸ್ಟ್ 12ರಂದು ತೀರಿಕೊಂಡರು. ಐದೇ ವರ್ಷಗಳಲ್ಲಿ, 1853ರ ಏಪ್ರಿಲ್ 16ರಂದು, ನಮ್ಮ ದೇಶದ ಮೊದಲ ಪ್ರಯಾಣಿಕರ ರೈಲು ಮುಂಬಯಿಯಿಂದ ಠಾಣೆಗೆ ಓಡಿತು. ದುಡಿದು ಹಳತಾದ ರಾಕೆಟ್ 1862ರಲ್ಲಿ ಲಂಡನ್ನಿನ ವಸ್ತುಸಂಗ್ರಹಾಲಯ ಸೇರಿತು. ಬಳಕೆಯ ಕಾಲದಲ್ಲೇ ಅದರ ಭಾಗಗಳನ್ನು ಹಲವು ಬಾರಿ ಬದಲಿಸಿದ್ದರು. ಓರೆಯಾಗಿದ್ದ ಸಿಲಿಂಡರುಗಳನ್ನು ಕೆಳಗಿಳಿಸಿದ್ದು ಇಂದಿಗೂ ಕಾಣುತ್ತದೆ. ಯಂತ್ರವೂ ಕಲಿಯುತ್ತಲೇ ಬೆಳೆಯಿತಲ್ಲವೇ?

ಮಾಡಿ ನೋಡಿ: ಜೇಡಿಮಣ್ಣಿನಿಂದ ಒಂದು ದಪ್ಪ ಕೋಲು ಮಾಡಿ. ಅಷ್ಟೇ ಮಣ್ಣಿನಿಂದ ಅಷ್ಟೇ ಉದ್ದದ ನಾಲ್ಕು ಸಮನಾದ ಸಣ್ಣ ಕೋಲುಗಳನ್ನು ಮಾಡಿ. ಪ್ರತಿಯೊಂದಕ್ಕೂ ಒಂದು ಸುತ್ತು ಕಾಗದ ಸುತ್ತಿ. ಯಾವುದಕ್ಕೆ ಹೆಚ್ಚು ಕಾಗದ ಬೇಕಾಯಿತು? ಎಷ್ಟು ಪಟ್ಟು?