ಜಾತಕ ಕಥೆಯೂ ಕಡಲೆಪುರಿಯೂ: ಜಿ.ಪಿ. ರಾಜರತ್ನಂ ಅವರ ಬದುಕು

ಕನ್ನಡ ಶಾಲೆಯಲ್ಲಿ ಕಲಿತವರಿಗೆ ಜಿ.ಪಿ. ರಾಜರತ್ನಂ ಅವರ ಹೆಸರು ಮರೆತುಹೋಗಿರಬಹುದು, ಅವರ ಪದ್ಯ ಮರೆತಿರುವುದಿಲ್ಲ. ತಗಡಿನ ತುತ್ತೂರಿ ಹಿಡಿದು ಜಂಬದಿಂದ ಊದುತ್ತಾ ಹೋದ ಹುಡುಗ, ತಿಂಡಿ ಬೇಕೇ ಎಂದು ಕೇಳಿಸಿಕೊಂಡ ನಾಯಿಮರಿ, ರೊಟ್ಟಿ ಅಂಗಡಿಯ ಕಿಟ್ಟಪ್ಪ ಇವರೆಲ್ಲ ನಮ್ಮ ಬಾಲ್ಯದ ನೆಂಟರು. ಈ ಪದ್ಯಗಳನ್ನು ಬರೆದವರು ಬೌದ್ಧ, ಜೈನ ಧರ್ಮಗ್ರಂಥಗಳನ್ನು ಶ್ರದ್ಧೆಯಿಂದ ಓದಿ ಕನ್ನಡಕ್ಕೆ ತಂದ ವಿದ್ವಾಂಸರೂ ಹೌದು ಎಂಬುದು ನಮ್ಮಲ್ಲಿ ಅನೇಕರಿಗೆ ತಿಳಿಯದು. ಒಂದೇ ಕೈ ಇವೆರಡು ಕೆಲಸವನ್ನೂ ಮಾಡಿದ್ದು ಹೇಗೆ, ಅದರಿಂದ ಬೋಧನಾಭ್ಯಾಸಕ್ಕೆ ಹೊರಟಿರುವ ನಾವು ಕಲಿಯಬೇಕಾದದ್ದೇನು ಎಂಬುದನ್ನು ಅವರ ಬದುಕಿನ ಮೂಲಕ ನೋಡುವುದು ಈ ಲೇಖನದ ಉದ್ದೇಶ.

ಬಾಲ್ಯ ಮತ್ತು ಓದು

ರಾಜರತ್ನಂ ಹುಟ್ಟಿದ್ದು ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಎಂದು ಕರೆಯುತ್ತಿದ್ದ ಇಂದಿನ ರಾಮನಗರದಲ್ಲಿ. ತಂದೆ ಶಾಲಾ ಉಪಾಧ್ಯಾಯರು. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡದ್ದರಿಂದ ತಂದೆ ಮತ್ತು ಅಜ್ಜಿಯ ಆಸರೆಯಲ್ಲಿ ಬೆಳೆದರು. ಮನೆಯಲ್ಲಿ ಇಟ್ಟಿದ್ದ ಹೆಸರು ರಾಜಯ್ಯಂಗಾರ್. ಶಾಲೆಯಲ್ಲಿ ಓದುತ್ತಿದ್ದಾಗಲೇ ಅದನ್ನು ರಾಜರತ್ನಂ ಎಂದು ತಾವೇ ಬದಲಾಯಿಸಿಕೊಂಡರು. ದೊಡ್ಡವರು ಕೊಟ್ಟದ್ದನ್ನು ಹಾಗೆಯೇ ಒಪ್ಪಿಕೊಳ್ಳದ ತುಂಟತನ ಆಗಿನಿಂದಲೇ ಇತ್ತು.

ಅವರು 1931ರಲ್ಲಿ ಕನ್ನಡ ಎಂ.ಎ. ಪದವಿ ಪಡೆದರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕನ್ನಡ ಎಂ.ಎ. ತರಗತಿ ಆಗಿನ್ನೂ ಹೊಸದು. ಅಲ್ಲಿ ಆ ಕಾಲದಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನವರಾದ ಟಿ.ಎಸ್. ವೆಂಕಣ್ಣಯ್ಯನವರು. ಎ.ಆರ್. ಕೃಷ್ಣಶಾಸ್ತ್ರಿಗಳ ಜೊತೆ ರಾಮಕೃಷ್ಣ ಪರಮಹಂಸರ ಚರಿತ್ರೆಯನ್ನು ಬರೆದವರು, ಮುಂದೆ ಕುವೆಂಪು ಅವರಿಂದ ರಾಮಾಯಣದರ್ಶನದ ಅರ್ಪಣೆ ಪಡೆದ ಗುರು. ಕೊಂಡ್ಲಹಳ್ಳಿಯ ಸುತ್ತಲಿನ ಶಾಲೆಗಳಿಗೆ ಹೋಗುವ ಪ್ರಶಿಕ್ಷಣಾರ್ಥಿಗಳು ತಳುಕಿನ ಬೋರ್ಡನ್ನು ಬಸ್ಸಿನ ಕಿಟಕಿಯಿಂದ ನೋಡಿರುತ್ತೇವೆ. ಕನ್ನಡದ ದೊಡ್ಡ ವಿದ್ವತ್ತು ನಮ್ಮ ಈ ಬಯಲುಸೀಮೆಯಿಂದಲೂ ಹೋಗಿದೆ ಎಂಬುದನ್ನು ಮಕ್ಕಳಿಗೆ ಹೇಳಲು ಇದೊಂದು ಅವಕಾಶ.

ಎಂ.ಎ. ಮುಗಿಸಿದವರು ಶಿಶುವಿಹಾರಕ್ಕೆ

ಕನ್ನಡದ ಅತ್ಯುನ್ನತ ಪದವಿ ಕೈಯಲ್ಲಿದ್ದರೂ ರಾಜರತ್ನಂ ಅವರಿಗೆ ಕೆಲಸ ಸಿಗಲಿಲ್ಲ. ಸ್ವಲ್ಪ ಕಾಲ ಜನಗಣತಿ ಕಚೇರಿಯಲ್ಲಿ ದುಡಿದರು, ಅದು ಒಗ್ಗಲಿಲ್ಲ. ಕೆಲಸ ಹುಡುಕಿಕೊಂಡು ಹೈದರಾಬಾದಿಗೂ ಹೋಗಿ ಬರಿಗೈಲಿ ಹಿಂತಿರುಗಿದರು. ಚಿಕ್ಕ ಮಕ್ಕಳಿಗೆ ಪಾಠ ಹೇಳುವ ಕೆಲಸ ಮಾಡಿದ್ದೂ ಈ ದಿನಗಳಲ್ಲೇ. ಪಂಪ, ರನ್ನರನ್ನು ಓದಿ ಬಂದ ಯುವಕನ ಎದುರಿಗೆ ಈಗ ಇನ್ನೂ ಅಕ್ಷರ ತಿದ್ದದ ಮಕ್ಕಳು.

ಇದನ್ನು ಹಿಂಬಡ್ತಿ ಎಂದು ತಿಳಿದು ದಿನ ತಳ್ಳಬಹುದಿತ್ತು. ಅವರು ಹಾಗೆ ಮಾಡದೆ ಆ ಮಕ್ಕಳನ್ನು ಗಮನಿಸತೊಡಗಿದರು. ಮಕ್ಕಳಿಗೆ ಸಂತೋಷ ಕೊಡುವುದು ಯಾವುದು? ತುತ್ತೂರಿ, ನಾಯಿಮರಿ, ಊಟದ ಎಲೆ, ಅಂಗಡಿಯ ರೊಟ್ಟಿ. ಅವರ ಬಾಯಿಗೆ ಹತ್ತುವ ಮಾತು ಯಾವುದು? ಮನೆಯಲ್ಲಿ ಆಡುವ ಮಾತೇ. ಹಾಗಾದರೆ ಪದ್ಯವೂ ಅದರಲ್ಲೇ ಇರಬೇಕು. ಹೀಗೆ ಹುಟ್ಟಿದ್ದು ‘ತುತ್ತೂರಿ’ ಎಂಬ ಶಿಶುಗೀತೆಗಳ ಸಂಕಲನ. ಆಮೇಲೆ ‘ಕಡಲೆಪುರಿ’, ‘ಗುಲಗಂಜಿ’ ಬಂದವು. ಕನ್ನಡದಲ್ಲಿ ಅದಕ್ಕೆ ಮೊದಲೇ ಪಂಜೆ ಮಂಗೇಶರಾಯರು ಮಕ್ಕಳ ಪದ್ಯ, ಕಥೆಗಳಿಗೆ ದಾರಿ ಹಾಕಿದ್ದರು. ಅದೇ ದಾರಿಯನ್ನು ರಾಜರತ್ನಂ ಹಳೆಯ ಮೈಸೂರು ಸೀಮೆಯ ಮನೆ, ಬೀದಿ, ಅಂಗಡಿಯ ತನಕ ತಂದರು.

ಪುಸ್ತಕದ ಹೆಸರುಗಳನ್ನೇ ನೋಡಿ. ಕಡಲೆಪುರಿ ಎಂದರೆ ನಮ್ಮ ಕಡೆಯ ಮಂಡಕ್ಕಿ. ಕೊಂಡ್ಲಹಳ್ಳಿಯ ಮಗುವಿಗೆ ನಾಯಕನಹಟ್ಟಿ ಜಾತ್ರೆಯಿಂದ ಬರುವ ಮಂಡಕ್ಕಿ, ಪೀಪಿ ಎಷ್ಟು ದೊಡ್ಡ ಆಸ್ತಿಯೋ ಆ ಪದ್ಯದ ಹುಡುಗನಿಗೆ ತುತ್ತೂರಿ ಅಷ್ಟೇ ದೊಡ್ಡ ಆಸ್ತಿ. ಕಾಸಿಗೆ ಸಿಗುವ, ಜೇಬಿನಲ್ಲಿ ಹಿಡಿಸುವ ವಸ್ತುಗಳ ಹೆಸರನ್ನು ಒಬ್ಬ ವಿದ್ವಾಂಸರು ತಮ್ಮ ಪುಸ್ತಕಕ್ಕೆ ಇಟ್ಟರು. ಮಕ್ಕಳು ಯಾವುದನ್ನು ಸುಖವೆಂದು ತಿಳಿಯುತ್ತಾರೋ ಅದನ್ನು ತಾವೂ ಸುಖವೆಂದೇ ತಿಳಿದರು.

ಶ್ರದ್ಧೆಯ ಓದುಗ

ಅದೇ ಕಾಲದಲ್ಲಿ ಅವರು ಬೌದ್ಧ ಸಾಹಿತ್ಯದ ಕಡೆಗೂ ತಿರುಗಿದರು. ಪಾಲಿ ಭಾಷೆಯನ್ನು ಕಲಿತರು. ಬುದ್ಧನ ಬದುಕು, ಬೋಧನೆ, ಜಾತಕ ಕಥೆಗಳು, ಭಾರತಕ್ಕೆ ಬಂದ ಚೀನಾದೇಶದ ಬೌದ್ಧ ಯಾತ್ರಿಕರು ಇವನ್ನೆಲ್ಲ ತಿಳಿಗನ್ನಡದಲ್ಲಿ ಪುಸ್ತಕವಾಗಿಸಿದರು. ಜೈನ ಸಾಹಿತ್ಯವನ್ನು ಓದಿ ಮಹಾವೀರನ ಮೇಲೆ, ಗೊಮ್ಮಟೇಶ್ವರನ ಮೇಲೆ ಬರೆದರು. ಶ್ರೀವೈಷ್ಣವ ಮನೆಯಲ್ಲಿ ಹುಟ್ಟಿದವರು ಅನ್ಯಮತದ ಗ್ರಂಥಗಳನ್ನು ತಪ್ಪು ಹುಡುಕಲು ಓದಲಿಲ್ಲ, ಭಕ್ತಿಯಿಂದ ಓದಿದರು. ಕೊನೆಯ ವರ್ಷಗಳಲ್ಲಿ ಸಾಯಿಭಕ್ತರಾಗಿ ಆ ಚಿಂತನೆಯನ್ನೂ ಬರೆದರು.

ಧರ್ಮಗ್ರಂಥ ಒಂದು ಕಡೆ, ಕಡಲೆಪುರಿ ಇನ್ನೊಂದು ಕಡೆ ಎಂದು ನಮಗೆ ತೋರುತ್ತದೆ. ಆದರೆ ಜಾತಕಗಳನ್ನು ತೆರೆದರೆ ಈ ಗೋಡೆ ನಿಲ್ಲುವುದಿಲ್ಲ. ಪಾಲಿಯಲ್ಲಿ 547 ಜಾತಕ ಕಥೆಗಳಿವೆ. ಬುದ್ಧನಾಗುವ ಮೊದಲು ಬೋಧಿಸತ್ವ ಜಿಂಕೆಯಾಗಿ, ಕೋತಿಯಾಗಿ, ಆನೆಯಾಗಿ, ಮೊಲವಾಗಿ ಹುಟ್ಟಿದ ಕಥೆಗಳು ಅವು. ಮಾತಾಡುವ ಪ್ರಾಣಿ, ಜಾಣ ಉಪಾಯ, ದುರಾಸೆಗೆ ಬಿದ್ದ ಪೆಟ್ಟು, ಗೆಳೆಯನಿಗಾಗಿ ಕೊಟ್ಟ ಜೀವ ಎಲ್ಲವೂ ಅಲ್ಲಿವೆ. ಸಾವಿರಾರು ವರ್ಷ ಭಿಕ್ಷುಗಳು ಪವಿತ್ರವೆಂದು ಕಾಪಾಡಿಕೊಂಡು ಬಂದದ್ದೇ ಮಗುವಿಗೆ ರಾತ್ರಿ ಹೇಳುವ ಕಥೆಯೂ ಆಗಿದೆ. ಶ್ರದ್ಧೆಯಿಂದ ಓದಿದವರಿಗೆ ಮಕ್ಕಳ ಪುಸ್ತಕ ಕೀಳಾಗಿ ಕಾಣುವುದು ಸಾಧ್ಯವೇ ಇಲ್ಲ. ರಾಜರತ್ನಂ ಅವರ ಎರಡು ಕೆಲಸಗಳು ಬೇರೆ ಬೇರೆ ಅಲ್ಲ ಎಂದು ನನಗೆ ಅನ್ನಿಸುವುದು ಇದರಿಂದಲೇ. ಎರಡರಲ್ಲೂ ಅವರು ಹುಡುಕಿದ್ದು ಸಣ್ಣ ಮಾತಿನಲ್ಲಿ ಹಿಡಿಸುವ ದೊಡ್ಡ ವಿಷಯವನ್ನು.

ಇದಕ್ಕೆ ಇನ್ನೊಂದು ಸಾಕ್ಷಿ ‘ರತ್ನನ ಪದಗಳು’. ಹೆಂಡ ಮುಟ್ಟದ ಮನುಷ್ಯ ಹೆಂಡಕುಡುಕ ರತ್ನನ ಬಾಯಿಂದ ಹಾಡಿಸಿದ ಪದಗಳು ಅವು. ರತ್ನನಿಗೆ ಇರುವುದು ಹೆಂಡತಿ ಪುಟ್ನಂಜಿ, ಬೆಳದಿಂಗಳು, ಮಡಿಕೇರಿಯ ಮಂಜು, ಕನ್ನಡದ ಮೇಲಿನ ಪ್ರೀತಿ. ಬಡವನ ಸುಖಗಳನ್ನು ಅವನದೇ ಆಡುಮಾತಿನಲ್ಲಿ, ಕನಿಕರದ ಸೋಗಿಲ್ಲದೆ ಬರೆದದ್ದರಿಂದ ಓದು ಬರದವರೂ ಅವನ್ನು ಹಾಡಿದರು. ಮಕ್ಕಳ ಪದ್ಯದಲ್ಲೂ ಇಲ್ಲೂ ಮಾಡಿದ್ದು ಒಂದೇ ಕೆಲಸ. ಯಾರ ಸುಖದ ಬಗ್ಗೆ ಬರೆಯುತ್ತಾರೋ ಅವರ ಮಾತಿನಲ್ಲೇ ಬರೆಯುವುದು.

ಮೇಷ್ಟ್ರು ಮತ್ತು ಪರಿಚಾರಕ

1938ರಲ್ಲಿ ಅವರಿಗೆ ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಂಡಿತರ ಹುದ್ದೆ ದೊರೆಯಿತು. ಮೈಸೂರು, ಬೆಂಗಳೂರು, ತುಮಕೂರು, ಶಿವಮೊಗ್ಗಗಳಲ್ಲಿ ಪಾಠ ಹೇಳಿ 1964ರಲ್ಲಿ ನಿವೃತ್ತರಾದರು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದ ಮೂಲಕ ವಿದ್ಯಾರ್ಥಿಗಳು ಬರೆದದ್ದನ್ನು ಅಚ್ಚು ಹಾಕಿಸಿದರು. ಕೆ.ಎಸ್. ನಿಸಾರ್ ಅಹಮದ್ ಅವರಂಥ ಕವಿಗಳು ಅವರ ವಿದ್ಯಾರ್ಥಿಗಳು.

ಅವರು ತಮ್ಮನ್ನು ಸಾಹಿತ್ಯದ ಪರಿಚಾರಕ ಎಂದು ಕರೆದುಕೊಂಡರು. ಅದು ಬರೀ ವಿನಯವಾಗಿರಲಿಲ್ಲ. ಪುಸ್ತಕಗಳನ್ನು ಹೊತ್ತುಕೊಂಡು ಹೋಗಿ ತಾವೇ ಮಾರುತ್ತಿದ್ದರು. ಬರೆದದ್ದು ಅಂಗಡಿಯ ಬೀರುವಿನಲ್ಲಿ ಕುಳಿತರೆ ಪ್ರಯೋಜನವಿಲ್ಲ, ಓದುವವರ ಕೈಗೆ ಹೋಗಬೇಕು ಎಂಬ ಹಟ ಅದು. 1978ರಲ್ಲಿ ದೆಹಲಿಯಲ್ಲಿ ನಡೆದ 50ನೆಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಮರುವರ್ಷ, 1979ರ ಮಾರ್ಚ್ ತಿಂಗಳಲ್ಲಿ ತೀರಿಕೊಂಡರು.

ನಮ್ಮ ತರಗತಿಗೆ ಬಂದರೆ

ರಾಜ್ಯದ ಸರ್ಕಾರಿ ಶಾಲೆಗಳ ಒಂದರಿಂದ ಮೂರನೆಯ ತರಗತಿಯ ನಲಿಕಲಿಯಲ್ಲಿ ಹಾಡಿಗೆ ಜಾಗವಿದೆ. ಪ್ರೌಢಶಾಲೆಗೆ ಹೋಗುವ ನಾವು, ಅದರಲ್ಲೂ ವಿಜ್ಞಾನ ಕಲಿಸುವವರು, ಶಿಶುಗೀತೆ ನಮಗೇಕೆ ಎಂದು ಕೇಳುತ್ತೇವೆ. ಪಾಠ ಯೋಜನೆಯ ಮೊದಲ ಹಂತವಾದ ತೊಡಗಿಸಿಕೊಳ್ಳುವಿಕೆಯಲ್ಲಿ ಒಂದು ಹಾಡನ್ನು ಬರೆದು, ಐದು ನಿಮಿಷ ಹಾಡಿಸಿ, ಸರಿ ಈಗ ಪಾಠಕ್ಕೆ ಬರೋಣ ಎನ್ನುತ್ತೇವೆ. ಸಂತೋಷ ಮುಗಿಯಿತು, ಪಾಠ ಶುರುವಾಯಿತು ಎಂದು ಮಕ್ಕಳಿಗೆ ನಾವೇ ಹೇಳಿಕೊಟ್ಟಂತಾಗುತ್ತದೆ. ರಾಜರತ್ನಂ ಅವರ ಪದ್ಯಗಳನ್ನು ಹತ್ತಿರದಿಂದ ನೋಡಿದರೆ ಪಾಠ ಸಂತೋಷದ ಒಳಗೇ ಇರುವುದು ಕಾಣುತ್ತದೆ. ಮೂರು ಉದಾಹರಣೆ ನೋಡೋಣ.

ಮೊದಲನೆಯದು ತುತ್ತೂರಿ. ಜಂಬದಿಂದ ಊದುತ್ತಿದ್ದ ಹುಡುಗನ ತುತ್ತೂರಿ ಕೊಳದ ನೀರಿಗೆ ಜಾರುತ್ತದೆ, ನೀರು ಹೊಕ್ಕ ತುತ್ತೂರಿ ಮೊದಲಿನಂತೆ ಕೂಗುವುದಿಲ್ಲ. ಎಂಟನೆಯ ತರಗತಿಯ ‘ಶಬ್ದ’ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಎಲ್ಲಿದೆ? ಕಂಪಿಸುತ್ತಿದ್ದದ್ದು ಯಾವುದು, ನೀರು ಹೋದಾಗ ಅದಕ್ಕೆ ಏನಾಯಿತು ಎಂದು ಕೇಳಿ. ಜಾತ್ರೆಯ ಪೀಪಿಯೊಂದನ್ನು ತಂದು ಒಣಗಿದ್ದಾಗ, ಒದ್ದೆಯಾದಾಗ ಊದಿಸಿ ನೋಡಿ. ಇಲ್ಲಿ ಪದ್ಯವೇ ಪ್ರಯೋಗದ ಸಮಸ್ಯೆಯಾಗುತ್ತದೆ.

ಎರಡನೆಯದು ನಾಯಿಮರಿಯ ಪದ್ಯ. ಅದು ಪೂರ್ತಿ ಪ್ರಶ್ನೋತ್ತರ. ತಿಂಡಿ ಬೇಕೇ ಎಂಬಲ್ಲಿಂದ ಹೊರಟು, ತಿಂದು ಏನು ಮಾಡುವೆ, ಕಳ್ಳ ಬಂದರೆ ಏನು ಮಾಡುವೆ ಎನ್ನುವ ತನಕ ಹೋಗುತ್ತದೆ. ಪ್ರತಿ ಉತ್ತರವೂ ಮುಂದಿನ ಪ್ರಶ್ನೆಗೆ ದಾರಿ ಮಾಡಿಕೊಡುತ್ತದೆ. ಸೂಕ್ಷ್ಮಬೋಧನೆಯಲ್ಲಿ ಪ್ರಶ್ನಿಸುವ ಕೌಶಲವನ್ನು ಅಭ್ಯಾಸ ಮಾಡುವಾಗ ನಾವು ಬಿಡಿಬಿಡಿ ಪ್ರಶ್ನೆಗಳ ಪಟ್ಟಿ ಮಾಡುತ್ತೇವೆ. ಉತ್ತರವನ್ನು ಕೇಳಿಸಿಕೊಂಡು ಅದರಿಂದಲೇ ಮುಂದಿನ ಪ್ರಶ್ನೆ ಕಟ್ಟುವುದು ಹೇಗೆಂದು ಈ ಪದ್ಯ ತೋರಿಸುತ್ತದೆ.

ಮೂರನೆಯದು ಊಟದ ಆಟ. ಒಂದರಿಂದ ಹತ್ತರ ತನಕ ಎಣಿಸುತ್ತಾ ಎಲೆ ಹಾಸುವುದು, ಅನ್ನ, ಬೇಳೆಸಾರು, ದಂಟಿನ ಪಲ್ಯ ಬಡಿಸುವುದು, ಕೊನೆಗೆ ಎಲೆ ಎತ್ತುವುದು. ಸಂಖ್ಯೆಯ ಕ್ರಮ, ಕೆಲಸದ ಕ್ರಮ ಎರಡೂ ಒಟ್ಟಿಗೆ ನಡೆಯುತ್ತವೆ. ಆರನೆಯ ತರಗತಿಯಲ್ಲಿ ಆಹಾರದ ಘಟಕಗಳನ್ನು ಕಲಿಸುವಾಗ ಇದೇ ಎಲೆಯ ಮೇಲೆ ಪಿಷ್ಟ ಯಾವುದು, ಪ್ರೋಟೀನ್ ಯಾವುದು, ಸೊಪ್ಪಿನಿಂದ ಸಿಗುವುದೇನು ಎಂದು ಹುಡುಕಿಸಬಹುದು. ಅನ್ನದ ಬದಲು ನಮ್ಮ ಮಕ್ಕಳು ಉಣ್ಣುವ ಮುದ್ದೆಯನ್ನು ಇಟ್ಟರೆ ಏನು ಬದಲಾಗುತ್ತದೆ ಎಂದು ಕೇಳಿದರೆ ಚರ್ಚೆ ತಾನಾಗಿ ಬೆಳೆಯುತ್ತದೆ.

ಇವು ಮೂರೇ ಮಾದರಿ. ಗಣಿತ, ಸಮಾಜ ವಿಜ್ಞಾನ, ಭಾಷೆಯ ಪ್ರಶಿಕ್ಷಣಾರ್ಥಿಗಳು ತಮ್ಮ ತಮ್ಮ ವಿಷಯಕ್ಕೆ ಬೇರೆಯವನ್ನು ಹುಡುಕಿಕೊಳ್ಳಬಹುದು. ಆದರೆ ಅದಕ್ಕೆ ಮೊದಲು ಆಗಬೇಕಾದ ಕೆಲಸವೊಂದಿದೆ. ಶಿಕ್ಷಕರು ಮಕ್ಕಳ ಪುಸ್ತಕಗಳನ್ನು ಓದಬೇಕು. ಪಾಠಕ್ಕೆ ಬಳಸಲೆಂದು ಓದಿದರೆ ಸಾಲದು, ತಮ್ಮ ಖುಷಿಗೂ ಓದಬೇಕು. ತನಗೆ ರುಚಿಸದ ಮಂಡಕ್ಕಿಯನ್ನು ಇನ್ನೊಬ್ಬರಿಗೆ ಪ್ರೀತಿಯಿಂದ ಹಂಚಲು ಯಾರಿಗೂ ಬರುವುದಿಲ್ಲ. ಶಾಲೆಯ ಬೀರುವಿನಲ್ಲಿ ಬೀಗದೊಳಗೆ ಮಕ್ಕಳ ಪುಸ್ತಕಗಳಿದ್ದರೆ, ಮುಖ್ಯೋಪಾಧ್ಯಾಯರ ಅನುಮತಿ ಪಡೆದು ಬೋಧನಾಭ್ಯಾಸದ ಅವಧಿಯಲ್ಲಾದರೂ ಅವನ್ನು ಹೊರಗಿಡೋಣ. ದಿನಕ್ಕೊಂದು ಪುಸ್ತಕವನ್ನು ಒಂದು ಮಗು ಮನೆಗೆ ಒಯ್ದರೂ ಅದು ಪರಿಚಾರಕರ ಕೆಲಸವೇ.

ಕೆಲಸ ಸಿಗುತ್ತದೋ ಇಲ್ಲವೋ, ಸಿಕ್ಕರೆ ಯಾವ ಊರೋ ಯಾವ ತರಗತಿಯೋ ಎಂಬ ಚಿಂತೆ ಬಿ.ಇಡಿ. ಮಾಡುತ್ತಿರುವ ನಮ್ಮೆಲ್ಲರಿಗೂ ಇದೆ. 1931ರಲ್ಲಿ ರಾಜರತ್ನಂ ಅವರ ಎದುರಿಗೂ ಅದೇ ಚಿಂತೆ ಇತ್ತು. ಓದಿಗೆ ತಕ್ಕ ಕೆಲಸ ಸಿಗುವ ತನಕ ಕಾಯುತ್ತಾ ಕೂರದೆ, ಸಿಕ್ಕ ತರಗತಿಗೆ ತಮ್ಮ ಓದನ್ನೆಲ್ಲ ಕೊಟ್ಟರು. ಅವರು ಪಡೆದ ಹುದ್ದೆಗಳನ್ನು ಇಂದು ನೆನಪಿಟ್ಟವರು ಕಡಿಮೆ. ಆ ಮಕ್ಕಳಿಗಾಗಿ ಬರೆದ ಪದ್ಯಗಳನ್ನು ಮಾತ್ರ ಈ ಹೊತ್ತಿಗೂ ಯಾವುದೋ ಶಾಲೆಯಲ್ಲಿ ಮಕ್ಕಳು ಹಾಡುತ್ತಿರುತ್ತಾರೆ.